ಕ್ಯಾಮೆರಾ ನುಂಗುವುದು ಹೇಗೆ?

ಬಾಯಿಯಿಂದ ಪೈಪ್ ಬಿಟ್ಟು ನೋಡುವ ಎಂಡೋಸ್ಕೋಪಿ ಆಯಿತು, ಕೆಳಗಿಂದ ಬಿಟ್ಟು ನೋಡುವ ಕೊಲೊನೋಸ್ಕೋಪಿಯೂ ಆಯಿತು. ಏನೂ ಸಿಗಲಿಲ್ಲ. ಆದರೂ ಹಿಮೋಗ್ಲೋಬಿನ್ ಇಳಿಯುತ್ತಲೇ ಇದೆ, ಒಳಗೆಲ್ಲೋ ರಕ್ತ ಸೋರುತ್ತಿರಬಹುದು. ಆಗ ಡಾಕ್ಟರಿಗೆ ಅನುಮಾನ ಬರುವುದು ಸಣ್ಣ ಕರುಳಿನ ಮೇಲೆ. ಮೇಲಿಂದ ಬಿಟ್ಟ ಪೈಪಾಗಲಿ, ಕೆಳಗಿಂದ ಬಿಟ್ಟದ್ದಾಗಲಿ ಅದರ ಪೂರ್ತಿ ಉದ್ದಕ್ಕೆ ಎಟಕುವುದಿಲ್ಲ. ಅಲ್ಲಿಗೆ ಮಾತ್ರೆಯ ಹಾಗೆ ನುಂಗುವ ಕ್ಯಾಪ್ಸೂಲ್ ಕ್ಯಾಮೆರಾವನ್ನೇ ಕಳಿಸಬೇಕು. ಕ್ಷಿಪಣಿಗಳ ಮೇಲೆ ಕೆಲಸ ಮಾಡಿದ್ದ ಇಸ್ರೇಲಿನ ಎಂಜಿನಿಯರ್ ಗೇವ್ರಿಯಲ್ ಇಡ್ಡಾನ್ ಅವರ ಕಲ್ಪನೆ ಇದು. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ.

ಮೊದಲು ಹೊಟ್ಟೆ ಖಾಲಿಯಾಗಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಕೆಲವು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಅದರ ಕಪ್ಪು ಕರುಳಿಗೆ ಮೆತ್ತಿಕೊಂಡರೆ ಚಿತ್ರ ಕೆಡುತ್ತದೆ. ಸಾಮಾನ್ಯವಾಗಿ ಹಿಂದಿನ ದಿನ ಭೇದಿಯ ಔಷಧಿ, ಆಮೇಲೆ 10–12 ಗಂಟೆ ಉಪವಾಸ. ಹಳೆಯ ಆಪರೇಷನ್, ಕ್ರೋನ್ಸ್ ಕಾಯಿಲೆ (ಕರುಳಿನ ಉರಿಯೂತ), ಪೇಸ್‌ಮೇಕರ್ ಇದ್ದರೆ ಮುಚ್ಚಿಡಬೇಡಿ. ಕರುಳು ಎಲ್ಲಾದರೂ ಕಿರಿದಾಗಿದ್ದರೆ ಕ್ಯಾಪ್ಸೂಲ್ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು.

ಬೆಳಿಗ್ಗೆ ಹೊಟ್ಟೆಯ ಮೇಲೆ ಸೆನ್ಸರ್ ಹಚ್ಚಿ, ಸೊಂಟಕ್ಕೆ ರೆಕಾರ್ಡರ್ ಕಟ್ಟುತ್ತಾರೆ. ಕ್ಯಾಪ್ಸೂಲ್ ಸುಮಾರು 26 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ದಪ್ಪ. ಗೋಡಂಬಿಯಷ್ಟು ಉದ್ದ, ಆದರೆ ಉರುಟು. ಡಬ್ಬಿಯಲ್ಲಿರುವ ಆಯಸ್ಕಾಂತ ಅದನ್ನು ಮಲಗಿಸಿಟ್ಟಿರುತ್ತದೆ. ಹೊರಗೆ ತೆಗೆದ ಕೂಡಲೇ ಅಂಗೈಯಲ್ಲೇ ಮಿಣಮಿಣ ಮಿನುಗತೊಡಗುತ್ತದೆ. ಒಂದು ಗುಟುಕು ನೀರು, ತಲೆ ಎತ್ತಿ ಗುಳುಂ. ಜಗಿಯಬೇಡಿ!

ಒಳಗೆ ತಾನೇ ಸಾಗುತ್ತದಲ್ಲ ಅಂತ ಇದನ್ನು ರೋಬೋಟ್ ಅಂದರೆ ಸ್ವಲ್ಪ ಜಾಸ್ತಿಯೇ ಆಯಿತು. ಇದಕ್ಕೆ ಕಾಲಿಲ್ಲ, ಸ್ಟೀರಿಂಗೂ ಇಲ್ಲ. ಕರುಳು ಅನ್ನವನ್ನು ತಳ್ಳುವ ಹಾಗೇ ಇದನ್ನೂ ತಳ್ಳುತ್ತದೆ. ಬೇಕಾದ ಕಡೆ ನಡೆಸಬಲ್ಲ ಪುಟಾಣಿ ರೋಬೋಟ್‌ಗಳು ಬೇರೆಯೇ ಇವೆ, ಅಂಥವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತಯಾರಾಗಿವೆ. ಹಲ್ಲಿನ ಸೂಕ್ಷ್ಮ ಕೊಳವೆಗಳಿಗೆ ನುಗ್ಗಿ ಬ್ಯಾಕ್ಟೀರಿಯಾ ಕೊಲ್ಲುವ, ಸ್ಕ್ರೂನಂಥ ನ್ಯಾನೋಬಾಟ್‌ಗಳು ಅವು.

ನುಂಗಿದ ಮೇಲೆ ಆಸ್ಪತ್ರೆಯಲ್ಲೇ ಕೂರಬೇಕಿಲ್ಲ. ಸಾಮಾನ್ಯವಾಗಿ ಎರಡು ಗಂಟೆಯ ನಂತರ ನೀರು, ನಾಲ್ಕು ಗಂಟೆಯ ನಂತರ ಹಗುರ ತಿಂಡಿ. ಓಡಾಡಿ, ಆದರೆ ಬಗ್ಗಿ ಭಾರ ಎತ್ತಬೇಡಿ. ಅದು ಸೆಕೆಂಡಿಗೆ ಎರಡು ಫೋಟೋ ತೆಗೆದರೂ ಎಂಟು ಗಂಟೆಯಲ್ಲಿ 57,600 ಆಗುತ್ತವೆ! ಅದನ್ನೆಲ್ಲ ಡಾಕ್ಟರ್ ಕೂತು ನೋಡಬೇಕು, ಪಾಪ. ಗಾಯ ಕಂಡರೂ ಪರೀಕ್ಷೆಗೆ ತುಣುಕು ಕಿತ್ತು ತರಲು ಈ ಕ್ಯಾಪ್ಸೂಲಿಗಾಗದು. ಅದಕ್ಕೆ ಬೇರೆ ದಾರಿಯೇ ಹಿಡಿಯಬೇಕು.

ಸಂಜೆ ರೆಕಾರ್ಡರ್ ವಾಪಸ್ ಕೊಟ್ಟರೆ ಸಾಕು. ಕ್ಯಾಪ್ಸೂಲ್ ಯಾರಿಗೂ ಬೇಡ, ಒಂದೆರಡು ದಿನದಲ್ಲಿ ಟಾಯ್ಲೆಟ್‌ನಲ್ಲಿ ತಾನೇ ಹೋಗುತ್ತದೆ. ಹೋಯಿತಾ ಅಂತ ಮಾತ್ರ ಗಮನಿಸಿ. ಹೋಗುವ ತನಕ ಎಂಆರ್‌ಐ ಮಾಡಿಸಬಾರದು. ಎರಡು ವಾರವಾದರೂ ಕಾಣದಿದ್ದರೆ ಡಾಕ್ಟರಿಗೆ ಹೇಳಿ, ಒಂದು ಎಕ್ಸ್‌ರೇ ತೆಗೆಸುತ್ತಾರೆ.