ಸಂಘದ ಹಳೇ ಕಂಪ್ಯೂಟರ್‌ಗಳನ್ನು ನಾವು ವಿಲೇವಾರಿ ಮಾಡಿದ ಬಗೆ

ತುಮಕೂರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಹಿಂದಿನ ಕೋಣೆಯಲ್ಲಿ ಹಳೇ ಸಿಪಿಯು, ದಪ್ಪ ಮಾನಿಟರ್, ಯುಪಿಎಸ್, ಕೆಟ್ಟ ಪ್ರಿಂಟರ್, ಒಂದು ಜೆರಾಕ್ಸ್ ಮೆಷಿನ್ ಧೂಳು ಹಿಡಿದು ಬಿದ್ದಿದ್ದವು. ಗುಜರಿಯವರನ್ನು ಕರೆಸಿ ತೂಕಕ್ಕೆ ಹಾಕಿಬಿಡೋಣ ಅಂತ ಆಡಳಿತ ಮಂಡಳಿಯಲ್ಲಿ ಮಾತು ಬಂತು. ನಾನು ಬೇಡ ಅಂದೆ.

ಆ ಸಿಪಿಯುಗಳಲ್ಲಿ ಸದಸ್ಯರ ಆಧಾರ್, ಪ್ಯಾನ್, ಸಹಿ, ಸಾಲದ ಕಾಗದಪತ್ರ ಎಲ್ಲ ಇದ್ದವು. ಡಿಲೀಟ್ ಮಾಡಿದರೆ, ಸುಮ್ನೆ ಒಂದು ಕ್ವಿಕ್ ಫಾರ್ಮ್ಯಾಟ್ ಹೊಡೆದರೆ ಅವು ಹೋಗುವುದಿಲ್ಲ. ಪುಸ್ತಕದ ಪರಿವಿಡಿ ಹರಿದ ಹಾಗೆ ಅಷ್ಟೇ, ಪುಟಗಳು ಹಾಗೇ ಇರುತ್ತವೆ. ಪುಕ್ಕಟೆ ಸಿಗುವ ರಿಕವರಿ ಸಾಫ್ಟ್‌ವೇರ್‌ನಿಂದಲೇ ವಾಪಸ್ ತೆಗೆಯಬಹುದು. ಜನ ನಮ್ಮನ್ನು ನಂಬಿ ಕೊಟ್ಟ ಕಾಗದ ಅದು, ಅಲ್ವಾ?

ಮೊದಲು ಪಟ್ಟಿ ಮಾಡಿದೆ. ಪ್ರತಿ ಸಾಮಾನಿನ ಸೀರಿಯಲ್ ನಂಬರ್, ಅದರೊಳಗಿನ ಹಾರ್ಡ್‌ಡಿಸ್ಕ್‌ನ ನಂಬರ್ ಬೇರೆ. ದಾಸ್ತಾನು ಪುಸ್ತಕದ ಜೊತೆ ತಾಳೆ ನೋಡಿ, ಸಭೆಯಲ್ಲಿ ಠರಾವು ಮಾಡಿಸಿಕೊಂಡೆ.

ನಿಧಾನ ಬೇಕಾಗಿದ್ದು ಹಾರ್ಡ್‌ಡಿಸ್ಕ್‌ಗಳಿಗೆ. ಓಡುತ್ತಿದ್ದವನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ, ಪೆನ್‌ಡ್ರೈವ್‌ನಿಂದ ಎನ್‌ವೈಪ್ ಅನ್ನುವ ಡಿಸ್ಕ್ ಅಳಿಸುವ ಸಾಫ್ಟ್‌ವೇರ್ ಓಡಿಸಿ, ಹಳೇ ಮಾಹಿತಿಯ ಮೇಲೆ ಪೂರ್ತಿ ಸೊನ್ನೆ ಬರೆಸಿದೆ. ಈಗಿನ ಡಿಸ್ಕ್‌ಗಳಿಗೆ ಒಂದು ಸಲ ಬರೆದು ಪರೀಕ್ಷಿಸಿದರೆ ಸಾಕು. ಮೂವತ್ತೈದು ಸಲ ಬರೆಯಬೇಕು ಅನ್ನುವುದು ಹಳೇ ಕಾಲದ ಡಿಸ್ಕ್‌ಗಳ ಮಾತು. ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಬರೆಯುವ ಎಸ್‌ಎಸ್‌ಡಿಗೆ ಮಾತ್ರ ಈ ದಾರಿ ಸಾಲದು. ಅದು ಒಳಗೊಳಗೇ ಜಾಗ ಬದಲಿಸಿ ಬರೆಯುವುದರಿಂದ ಕೆಲವು ಭಾಗ ನಮ್ಮ ಕೈಗೆ ಸಿಗುವುದೇ ಇಲ್ಲ. ಅದಕ್ಕೆ ಡಿಸ್ಕ್ ತನ್ನನ್ನು ತಾನೇ ಅಳಿಸಿಕೊಳ್ಳಲು ಅದರಲ್ಲೇ ಇರುವ ಸೆಕ್ಯೂರ್ ಎರೇಸ್ ಕಮಾಂಡ್ ಕೊಟ್ಟೆ.

ಓಡದ ಡಿಸ್ಕ್‌ಗಳ ಬಗ್ಗೆ ಇನ್ನೂ ಹುಷಾರಾಗಿರಬೇಕು. ಕೆಟ್ಟಿದೆ ಅಂದುಕೊಂಡ ಡಿಸ್ಕ್ ಕೂಡ ಬಲ್ಲವರು ರಿಪೇರಿ ಮಾಡಿದರೆ ಓದಬಹುದು. ಅವನ್ನು ಡ್ರಿಲ್ ಮೆಷಿನ್‌ನಿಂದ ಮೂರ್ನಾಲ್ಕು ಕಡೆ ಕೊರೆದೆವು. ಮಾಹಿತಿ ಬರೆದಿರುವ ಒಳಗಿನ ತಟ್ಟೆ ಇರುವ ಜಾಗದಲ್ಲೇ ಕೊರೆಯಬೇಕು, ನಡುವಿನ ಮೋಟರ್ ಮೇಲೆ ಕೊರೆದರೆ ಉಪಯೋಗವಿಲ್ಲ. ಲ್ಯಾಪ್‌ಟಾಪ್ ಡಿಸ್ಕ್‌ಗಳಲ್ಲಿ ಹೆಚ್ಚಾಗಿ ಗಾಜಿನ ತಟ್ಟೆ. ಡ್ರಿಲ್ ತಾಗಿದ ಕೂಡಲೇ ಒಳಗೇ ಪುಡಿಯಾಗುತ್ತದೆ, ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಜೆರಾಕ್ಸ್ ಮೆಷಿನ್ ಯಾರ ತಲೆಗೂ ಬರುವುದಿಲ್ಲ. ಆಫೀಸಿನ ದೊಡ್ಡ ಮೆಷಿನ್‌ಗಳಲ್ಲಿ ಹಲವಕ್ಕೆ ಹಾರ್ಡ್‌ಡಿಸ್ಕ್ ಇರುತ್ತದೆ, ಜೆರಾಕ್ಸ್ ಮಾಡಿದ ಕಾಗದಗಳ ಚಿತ್ರ ಅದರಲ್ಲಿ ಉಳಿದಿರಬಹುದು. ನಮ್ಮದರಲ್ಲೂ ಇತ್ತು. ಬಿಚ್ಚಿ ತೆಗೆದೆವು.

ಯುಪಿಎಸ್ ಬ್ಯಾಟರಿಗೆ 2022ರ ಬೇರೆಯೇ ನಿಯಮ ಇದೆ. ಹೊಸ ಬ್ಯಾಟರಿ ತಂದ ಅಂಗಡಿಗೇ ಹಳೇದನ್ನು ವಾಪಸ್ ಕೊಟ್ಟೆವು.

ಉಳಿದದ್ದನ್ನು ನೋಂದಾಯಿತ ರೀಸೈಕ್ಲರ್‌ಗೆ ಕೊಟ್ಟೆವು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ, ವರ್ಷದಲ್ಲಿ 1000 ಉಪಕರಣವಾದರೂ ಬಳಸುವ ಸಂಸ್ಥೆಗಳು ನೋಂದಾಯಿತರಿಗೇ ಕೊಡಬೇಕು. ನಮ್ಮದು ಅಷ್ಟು ದೊಡ್ಡದಲ್ಲ, ಆದರೂ ಅದೇ ದಾರಿ ಹಿಡಿದೆವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಹೆಸರು ಹುಡುಕಿ, ನೋಂದಣಿ ಅವಧಿ ಮುಗಿದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಆ ರೀಸೈಕ್ಲರ್ ಇರುವ ದಾಬಸ್‌ಪೇಟೆ ನಮಗೆ ಹೆದ್ದಾರಿಯಲ್ಲೇ ಸಿಗುವುದರಿಂದ ಸಾಗಣೆ ಕಷ್ಟವಾಗಲಿಲ್ಲ.

ಗುಜರಿಯವರು ಹೇಳಿದ ರೇಟು ಇದಕ್ಕಿಂತ ಜಾಸ್ತಿ ಇತ್ತು, ನಿಜ. ಅವರನ್ನು ನಾನು ದೂರುವುದಿಲ್ಲ, ಅವರ ಹೊಟ್ಟೆಪಾಡು ಅದು. ಆದರೆ ತಾಮ್ರಕ್ಕಾಗಿ ವೈರ್ ಸುಟ್ಟರೆ ಅದರ ಪಿವಿಸಿ ಪ್ಲಾಸ್ಟಿಕ್‌ನಿಂದ ಡಯಾಕ್ಸಿನ್ ಅನ್ನುವ ವಿಷ ಬರುತ್ತದೆ, ಅದನ್ನು ಮೊದಲು ಕುಡಿಯುವುದು ಸುಡುವವರ ಶ್ವಾಸಕೋಶವೇ. ದಪ್ಪ ಮಾನಿಟರ್‌ನ ಗಾಜಿನಲ್ಲಿ ಸೀಸ ಇರುತ್ತದೆ. ನಮ್ಮ ಸಂಘದ ಗಾಜು ಅಮಾನಿಕೆರೆ ದಂಡೆಯಲ್ಲಿ ಬೀಳುವುದು ನನಗೆ ಬೇಕಿರಲಿಲ್ಲ.

ತೂಕದ ಚೀಟಿ, ಸೀರಿಯಲ್ ನಂಬರ್ ಪಟ್ಟಿ ಮೇಲೆ ರೀಸೈಕ್ಲರ್ ಸಹಿ, ರೀಸೈಕ್ಲಿಂಗ್ ಸರ್ಟಿಫಿಕೇಟ್ ಮೂರನ್ನೂ ಠರಾವಿನ ಪ್ರತಿಯ ಜೊತೆ ಫೈಲ್ ಮಾಡಿಟ್ಟಿದ್ದೇನೆ. ಈಗ ಹೊಸ ಕಂಪ್ಯೂಟರ್ ಬಂದ ದಿನವೇ ಡಿಸ್ಕ್‌ನ ಮಾಹಿತಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕುತ್ತೇವೆ, ಅದನ್ನು ತೆರೆಯುವ ಕೀ ನಮ್ಮ ಮ್ಯಾನೇಜರರ ಬೀರುವಿನಲ್ಲಿ ಇರುತ್ತದೆ.