ಐವತ್ತೆಂಟರ ಹಿಮ್ಮಡಿಗೆ ಜೆಲಟಿನ್ ಕುಡಿಸಿದ್ದು

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹತ್ತು ಹೆಜ್ಜೆ ಇಡುವುದೇ ಕಷ್ಟ. ಹಿಮ್ಮಡಿಯ ಸ್ವಲ್ಪ ಮೇಲೆ ನೋವು. ಮನೆಯಲ್ಲಿ "ನರ ಎಳೆದಿರ್ಬೇಕು" ಅಂದರು. ನರ ಅಲ್ಲ, ಅಕಿಲಿಸ್ ಟೆಂಡನ್, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಗಟ್ಟಿ ಪಟ್ಟಿ. ಮೂವತ್ತು ವರ್ಷದಿಂದ ಶಟಲ್ ಆಡ್ತಿದ್ದೇನೆ. ಮೂವತ್ತೈದರಲ್ಲಿ ಇದೇ ನೋವು ಎರಡು ವಾರಕ್ಕೆ ಹೋಗಿತ್ತು. ಈ ಸಲ ನಾಲ್ಕು ತಿಂಗಳಾದರೂ ಜಾಗ ಬಿಡಲಿಲ್ಲ.

ಮೊದಲು ಮಾಡಿದ್ದು ದಡ್ಡ ಕೆಲಸ. ಕೊಲಾಜನ್ (ಟೆಂಡನ್ ಮುಖ್ಯವಾಗಿ ಇದೇ ಪ್ರೋಟೀನಿನದು) ಡಬ್ಬಿ ತಂದು ಕಾಫಿಗೆ ಕಲಸಿ ಕುಡಿದು, ಸುಮ್ನೆ ಕಾಲು ಚಾಚಿ ಕೂತೆ. ಎರಡು ತಿಂಗಳು. ಏನೂ ಆಗಲಿಲ್ಲ.

ಟೆಂಡನ್‌ಗೆ ರಕ್ತ ಹರಿಯುವುದೇ ಕಡಿಮೆ. ಸ್ಪಂಜಿನ ಹಾಗೆ, ಹಿಂಡಿ ಬಿಟ್ಟರೆ ಹೀರಿಕೊಳ್ಳುತ್ತದೆ ಅಂತ ಫಿಸಿಯೋ ಮೇಡಂ ಹೇಳಿದರು. 2017ರ ಒಂದು ಅಧ್ಯಯನದಲ್ಲಿ 15 ಗ್ರಾಂ ಜೆಲಟಿನ್ (ಪ್ರಾಣಿಗಳ ಕೊಲಾಜನ್‌ನಿಂದ ಮಾಡಿದ ಪುಡಿ) ಅನ್ನು ವಿಟಮಿನ್ ಸಿ ಜೊತೆ ಕೊಟ್ಟು, ಒಂದು ಗಂಟೆ ಬಿಟ್ಟು 6 ನಿಮಿಷ ಹಗ್ಗ ಹಿಡಿದು ಸ್ಕಿಪ್ಪಿಂಗ್ ಮಾಡಿಸಿದ್ದರು. ಕೊಲಾಜನ್ ತಯಾರಾಗುವ ಗುರುತು ರಕ್ತದಲ್ಲಿ ದುಪ್ಪಟ್ಟಾಯಿತು. ಆದರೆ ಅವರು ಬರೀ ಎಂಟು ಜನ, ಎಲ್ಲರೂ ಹುಡುಗರು. ನನಗೆ ಐವತ್ತೆಂಟು, ಅಲ್ವಾ?

ವಯಸ್ಸಾದ ಮೇಲೆ ಅಷ್ಟೇ ಪ್ರೋಟೀನ್ ತಿಂದರೂ ದೇಹ ಮೊದಲಿನಷ್ಟು ಬಳಸಿಕೊಳ್ಳುವುದಿಲ್ಲ. ಅದಕ್ಕೇ ಹಿರಿಯರಿಗೆ ದಿನಕ್ಕೆ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಹೇಳುತ್ತಾರೆ. ನನ್ನ 70 ಕೆಜಿಗೆ ಕಡಿಮೆ ಅಂದರೂ 70 ಗ್ರಾಂ. ಒಂದು ವಾರ ತಿಂದದ್ದೆಲ್ಲ ಬರೆದಿಟ್ಟೆ. ದಿನಕ್ಕೆ 45 ದಾಟಲಿಲ್ಲ! ಇಡ್ಲಿ, ಅನ್ನ ಸಾರು, ಚಪಾತಿ ಪಲ್ಯ, ಇನ್ನೆಲ್ಲಿಂದ ಬರಬೇಕು? ಡಾಕ್ಟ್ರು ಕಿಡ್ನಿ ಪರೀಕ್ಷೆ ಮಾಡಿಸಿ ಒಪ್ಪಿದ ಮೇಲೆ ಎರಡು ಮೊಟ್ಟೆ, ಹೆಸರುಕಾಳು ಉಸ್ಲಿ, ರಾತ್ರಿಗೆ ಗಟ್ಟಿ ಮೊಸರು ಸೇರಿಸಿದೆ. ಜೆಲಟಿನ್ ಅನ್ನು ಈ ಲೆಕ್ಕಕ್ಕೆ ಹಿಡಿಯಲಿಲ್ಲ, ಅದರಲ್ಲಿ ಟ್ರಿಪ್ಟೊಫ್ಯಾನ್ (ಊಟದಿಂದಲೇ ಬರಬೇಕಾದ ಒಂದು ಅಮೈನೋ ಆಮ್ಲ) ಇಲ್ಲ. ವಿಟಮಿನ್ ಡಿ ಕಡಿಮೆ ಇತ್ತು. ವಯಸ್ಸಾದಂತೆ ಚರ್ಮ ಅದನ್ನು ಕಡಿಮೆ ತಯಾರಿಸುತ್ತದೆ. ಅದಕ್ಕೆ ಮಾತ್ರೆ ಬರೆದುಕೊಟ್ಟರು.

ಬೆಳಿಗ್ಗೆ ಐದಕ್ಕೆ ಬಿಸಿನೀರಲ್ಲಿ ಜೆಲಟಿನ್ ಕರಗಿಸಿ, ಆರಿದ ಮೇಲೆ ನೆಲ್ಲಿಕಾಯಿ ರಸ. ಒಮ್ಮೆ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ಲೋಟದಲ್ಲಿ ಗಟ್ಟಿ ಜೆಲ್ಲಿ! ಹೆಂಡತಿ ನಗುತ್ತಾ ಚಮಚ ಕೊಟ್ಟಳು. (ಸಸ್ಯಾಹಾರಿಗಳು ಜೆಲಟಿನ್ ಬದಲು ಕಡಲ ಪಾಚಿಯ ಅಗರ್ ಅಗರ್ ಹುಡುಕಬೇಡಿ, ಅದರಲ್ಲಿ ಕೊಲಾಜನ್ ಇಲ್ಲ.) ಆರಕ್ಕೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ನಿಧಾನವಾಗಿ ಕೆಳಗಿಳಿಸುವುದು, 15ರಂತೆ ಮೂರು ಸಲ. ಸಂಜೆ ಇನ್ನೊಮ್ಮೆ.

ಐದನೇ ವಾರದವರೆಗೂ ಬೇಜಾರೇ. ಹನ್ನೆರಡನೇ ವಾರಕ್ಕೆ ಮೊದಲ ಹೆಜ್ಜೆಯ ನೋವು ಹೋಯಿತು. ನನ್ನ ಪ್ರಕಾರ ಮುಕ್ಕಾಲು ಪಾಲು ಕೆಲಸ ಮೆಟ್ಟಿಲದ್ದು. ಜೆಲಟಿನ್ ಪ್ಯಾಕೆಟ್ ಮುಗಿದ ಮೇಲೆ ಮತ್ತೆ ತರಲಿಲ್ಲ. ಮೊಟ್ಟೆ, ಮೆಟ್ಟಿಲು ಎರಡೂ ನಡೆದಿವೆ.