ಐದು ಹೆಸರು, ಎಂಟು ಓದು: ಸುವಾರ್ತೆ ಹಂಚುವಾಗ ನಾನು ಅನುಸರಿಸುವ ಕ್ರಮ

ಹೋಗಿ ಎಲ್ಲ ಜನಾಂಗಗಳನ್ನೂ ಶಿಷ್ಯರನ್ನಾಗಿ ಮಾಡಿರಿ ಎಂಬ ಯೇಸುವಿನ ಆಜ್ಞೆ ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ (28:19-20, ಅಂದರೆ 28ನೇ ಅಧ್ಯಾಯ, 19-20ನೇ ವಚನ). ಅದನ್ನು ಬಾಯಿಪಾಠ ಮಾಡಿದ ವಿಶ್ವಾಸಿಗಳಲ್ಲಿ ಬಹಳ ಮಂದಿಗೆ, ನಾಳೆ ಬೆಳಿಗ್ಗೆ ಯಾರ ಹತ್ತಿರ ಹೋಗಿ ಹೇಗೆ ಮಾತು ತೆಗೆಯಬೇಕು ಎಂಬುದು ಮಾತ್ರ ಹೊಳೆಯುವುದಿಲ್ಲ. ನಾನು ತಿದ್ದಿ ತಿದ್ದಿ ಉಳಿಸಿಕೊಂಡಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲವೇ ಜನರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು, ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು, ಅವರಿಗೆ ಇಷ್ಟವಿದ್ದರೆ ಒಟ್ಟಿಗೆ ಕೂತು ಮಾರ್ಕನ ಸುವಾರ್ತೆ (ಯೇಸುವಿನ ಬದುಕನ್ನು ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದು) ಓದುವುದು. ಮಿಕ್ಕಿದ್ದೆಲ್ಲ ಈ ಮೂರರ ಸುತ್ತಲೇ ಇದೆ.

ಮೊದಲು ಒಂದು ಸಣ್ಣ ನೋಟ್‌ಬುಕ್. ಅದರಲ್ಲಿ ಐದು ಹೆಸರು, ಐದಕ್ಕಿಂತ ಹೆಚ್ಚಿಲ್ಲ. ಹತ್ತು ಹದಿನೈದು ಹೆಸರು ಬರೆದರೆ ಪ್ರಾರ್ಥನೆ ಹಾಜರಿ ಕೂಗಿದಂತೆ ಆಗುತ್ತದೆ, ಯಾರ ಬದುಕೂ ಕಣ್ಣಮುಂದೆ ನಿಲ್ಲುವುದಿಲ್ಲ. ನಾನು ಹೇಗೂ ವಾರಕ್ಕೊಮ್ಮೆಯಾದರೂ ಮುಖ ನೋಡುವವರ ಹೆಸರೇ ಆಗಿರಬೇಕು: ನೆರೆಯವರು, ಜೊತೆಗೆ ಕೆಲಸ ಮಾಡುವವರು, ಹಳೆಯ ಗೆಳೆಯರು. ಪ್ರತಿ ಹೆಸರಿನ ಮುಂದೆ ಮೂರು ಕಲಂ. ಮೊದಲನೆಯದರಲ್ಲಿ ಅವರನ್ನು ಈಗ ಕಾಡುತ್ತಿರುವ ಸಂಗತಿ. ಎರಡನೆಯದರಲ್ಲಿ ದೇವರ ಬಗ್ಗೆ ಅವರೇ ಆಡಿದ ಮಾತು, ಆದಷ್ಟು ಅವರದೇ ಪದಗಳಲ್ಲಿ. ಮೂರನೆಯದರಲ್ಲಿ ನಾನು ಮಾಡಿಕೊಡುತ್ತೇನೆಂದು ಒಪ್ಪಿಕೊಂಡ ಕೆಲಸ. ಮೂರನೆಯ ಕಲಂ ತುಂಬಿಯೇ ಇದ್ದು ಯಾವ ಕೆಲಸವೂ ಮುಗಿದಿಲ್ಲವೆಂದರೆ ಸುವಾರ್ತೆಯ ಮಾತು ಎತ್ತುವ ಹೊತ್ತು ಇನ್ನೂ ಬಂದಿಲ್ಲ. ಈ ಪುಸ್ತಕವನ್ನು ಯಾರಿಗೂ ತೋರಿಸುವುದಿಲ್ಲ. ಅದರಲ್ಲಿರುವುದು ಬೇರೆಯವರ ಬದುಕಿನ ಗುಟ್ಟು. ಸಭೆಯ (ಚರ್ಚಿನ) ಪ್ರಾರ್ಥನಾ ಕೂಟದಲ್ಲಿ ಕೂಡ ಹೆಸರು ಹೇಳದೆ ಬೇಡಿಕೊಳ್ಳಬಹುದು.

ದಿನಕ್ಕೆ ಒಂದು ಹೆಸರಿಗೆ ಒಂದು ನಿಮಿಷ, ಒಟ್ಟು ಐದು ನಿಮಿಷ. ಅಪೊಸ್ತಲನಾದ ಪೌಲನು ಕೊಲೊಸ್ಸೆಯ ವಿಶ್ವಾಸಿಗಳಿಗೆ ಪತ್ರ ಬರೆದಾಗ (4:3-6) ತನ್ನ ಮಾತಿಗೆ ಬಾಗಿಲು ತೆರೆಯುವಂತೆ ಪ್ರಾರ್ಥಿಸಿರೆಂದು ಕೇಳಿಕೊಂಡ. ಹೊರಗಿನವರೊಂದಿಗೆ ಆಡುವ ಮಾತು ಇಂಪಾಗಿ, ಉಪ್ಪಿನಿಂದ ಹದಗೊಂಡಂತೆ ಇರಲಿ ಎಂದೂ ಸೇರಿಸಿದ. ಬಾಗಿಲು ತೆರೆಯುವವನು ದೇವರು. ಆ ಕೆಲಸವನ್ನು ನಾವು ಕೈಗೆತ್ತಿಕೊಂಡಾಗಲೇ ಮಾತಿನಲ್ಲಿ ಒತ್ತಾಯ ನುಸುಳುತ್ತದೆ.

ಇನ್ನು ಕೇಳಿಸಿಕೊಳ್ಳುವುದು. ಪೇತ್ರನ ಮೊದಲನೆಯ ಪತ್ರಿಕೆಯ 3:15ನ್ನು ಈ ವಿಷಯದಲ್ಲಿ ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ಆ ವಚನ, ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎನ್ನುತ್ತದೆ, ಅದನ್ನೂ ಸಾತ್ವಿಕತೆಯಿಂದ, ಗೌರವದಿಂದ ಹೇಳಬೇಕು ಎನ್ನುತ್ತದೆ. ಯಾರೂ ಕೇಳದಿರುವಾಗ ಉತ್ತರ ಕೊಡಲು ಹೊರಟರೆ ಆ ವಚನದ ಅರ್ಧವನ್ನಷ್ಟೇ ಪಾಲಿಸಿದಂತೆ. ಮೊದಲ ಕೆಲವು ಭೇಟಿಗಳಲ್ಲಿ ನಾನೇ ಪ್ರಶ್ನೆ ಕೇಳುತ್ತೇನೆ: "ನಿಮ್ಮ ಮನೆಯಲ್ಲಿ ದೇವರ ವಿಷಯ ಹೇಗೆ ಮಾತಾಡುತ್ತಿದ್ದರು?" "ಪ್ರಾರ್ಥಿಸಬೇಕು ಅಂತ ನಿಮಗೆ ಯಾವಾಗಲಾದರೂ ಅನ್ನಿಸಿದೆಯಾ?" "ಕ್ರೈಸ್ತರ ಬಗ್ಗೆ ನಿಮಗೆ ಹಿಡಿಸದ ಸಂಗತಿ ಯಾವುದು?" ಮೂರನೆಯದನ್ನು ಕೇಳಲು ಧೈರ್ಯ ಬೇಕು, ಆದರೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಬರುವ ಉತ್ತರ ನೋಯಿಸಿದರೂ ಸಮರ್ಥನೆಗೆ ಇಳಿಯಬಾರದು. ಅವರ ದೂರು ನಿಜವಾಗಿದ್ದರೆ "ಅದು ತಪ್ಪು" ಎಂದು ಅಲ್ಲಿಯೇ ಒಪ್ಪಿಕೊಳ್ಳಬೇಕು. ಅವರ ಮಾತು ಮುಗಿದ ಮೇಲೆ ನಾನು ಅರ್ಥ ಮಾಡಿಕೊಂಡಿದ್ದನ್ನು ನನ್ನ ಮಾತಿನಲ್ಲಿ ಹೇಳಿ, "ನೀವು ಹೇಳಿದ್ದು ಇದೇನಾ?" ಎಂದು ಕೇಳುತ್ತೇನೆ. ಅವರು ಹೌದೆನ್ನುವ ತನಕ ನನ್ನ ಮಾತು ಶುರುವಾಗುವುದಿಲ್ಲ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಪದಗಳಿಂದ. ಸಭೆಯೊಳಗೆ ನಮಗೆ ನಾಲಿಗೆಯ ತುದಿಯಲ್ಲಿರುವ ಮಾತು ಹೊರಗಿನವರ ಕಿವಿಗೆ ಬೇರೆಯೇ ಆಗಿ ಬೀಳುತ್ತದೆ. "ಪಾಪ" ಎಂದರೆ ಕನ್ನಡದಲ್ಲಿ ಅರ್ಧ ಸಲ "ಅಯ್ಯೋ ಪಾಪ" ಎಂಬ ಮರುಕ. ಇನ್ನರ್ಧ ಸಲ ಕೊಲೆ, ಮೋಸದಂಥ ದೊಡ್ಡ ಅಪರಾಧ. "ನೀವು ಪಾಪಿ" ಎಂದ ತಕ್ಷಣ ಎದುರಿನವರು ತಾವು ಮಾಡದ ಅಪರಾಧಗಳ ಪಟ್ಟಿ ಒಪ್ಪಿಸುತ್ತಾರೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಈ ಜಾಗದಲ್ಲಿರುವ "ಹಮಾರ್ತಿಯ" ಎಂಬ ಪದದ ಮೂಲದಲ್ಲಿ ಗುರಿ ತಪ್ಪುವುದು ಎಂಬ ಅರ್ಥವಿದೆ. "ದೇವರಿಗಾಗಿ ಮಾಡಿದ ಮನಸ್ಸು ದೇವರಿಗೆ ಬೆನ್ನು ಹಾಕಿ ತನ್ನ ಕಡೆಗೇ ತಿರುಗಿಕೊಂಡಿದೆ" ಎಂದು ಬಿಡಿಸಿ ಹೇಳಿದರೆ ಬೈಗುಳದಂತೆ ಕೇಳಿಸುವುದಿಲ್ಲ, ಹೇಳಬೇಕಾದ್ದೂ ಸಡಿಲವಾಗುವುದಿಲ್ಲ. "ಹೊಸದಾಗಿ ಹುಟ್ಟುವುದು" ಎಂದರೆ ಪುನರ್ಜನ್ಮ ಎಂದುಕೊಳ್ಳುತ್ತಾರೆ. ಈ ಬದುಕಿನಲ್ಲಿಯೇ ದೇವರಾತ್ಮನಿಂದ ಒಳಗೆ ಶುರುವಾಗುವ ಹೊಸ ಬಾಳು ಎನ್ನಬೇಕು. "ರಕ್ಷಣೆ" ಎಂದರೆ ಕಾವಲು ಎನ್ನಿಸುತ್ತದೆ. ಯಾವುದರಿಂದ, ಯಾವುದಕ್ಕಾಗಿ ಬಿಡುಗಡೆ ಎಂದು ಎರಡನ್ನೂ ಹೇಳಬೇಕು. "ದೇವರ ಮಗ" ಎಂದರೆ ದೇಹಸಂಬಂಧದ ಅರ್ಥ ಬರಬಹುದು. ಸಭೆ ಎಂದೂ ಹಾಗೆ ನಂಬಿಲ್ಲವೆಂದು ಮೊದಲೇ ತಿಳಿಸುವುದು ಒಳ್ಳೆಯದು. "ಪಶ್ಚಾತ್ತಾಪ" ಅತ್ತು ಕೊರಗುವುದಕ್ಕೆ ನಿಂತುಬಿಡುತ್ತದೆ. "ಮಾನಸಾಂತರ" ಸರಿಯಾದ ಪದವಾದರೂ ಸಭೆಯ ಹೊರಗೆ ಯಾರೂ ಅದನ್ನು ಆಡುವುದಿಲ್ಲ. ಹಾಗಾಗಿ "ಮನಸ್ಸು ತಿರುಗಿಸಿ ಬೇರೆ ದಾರಿ ಹಿಡಿಯುವುದು" ಎನ್ನುತ್ತೇನೆ. ಇಂಥ ಹತ್ತು ಪದಗಳ ಪಟ್ಟಿ ಮಾಡಿ, ಒಂದೊಂದನ್ನೂ ಆ ಪದ ಬಳಸದೆ ಎರಡು ವಾಕ್ಯದಲ್ಲಿ ವಿವರಿಸಲು ಅಭ್ಯಾಸ ಮಾಡಿ ನೋಡಿ. ವಿವರಿಸಲು ಆಗದ ಪದ ನಮಗೂ ಅರ್ಥವಾಗಿಲ್ಲ ಎಂದೇ ತಿಳಿಯಬೇಕು. ನನ್ನ ಮಟ್ಟಿಗೆ "ಕೃಪೆ"ಯೇ ಕಡೆಯವರೆಗೂ ಕಷ್ಟ ಕೊಟ್ಟ ಪದ. ಲೂಕ 15ರಲ್ಲಿ ಆಸ್ತಿಯನ್ನೆಲ್ಲ ಹಾಳುಮಾಡಿ ಹಿಂದಿರುಗಿದ ಮಗನನ್ನು ತಂದೆ ಓಡಿಬಂದು ಅಪ್ಪಿಕೊಳ್ಳುವುದನ್ನು ಓದುವುದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ.

ಹೇಳಬೇಕಾದ್ದು ಏನು? 1 ಕೊರಿಂಥ 15:3-5ರಲ್ಲಿ ಪೌಲನು ತಾನು ಪಡೆದದ್ದನ್ನೇ ದಾಟಿಸುತ್ತಿದ್ದೇನೆಂದು ಹೇಳಿ ನಾಲ್ಕು ಸಂಗತಿ ಇಡುತ್ತಾನೆ: ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು, ಹಲವರಿಗೆ ಕಾಣಿಸಿಕೊಂಡನು. ನಾಲ್ಕೂ ನಡೆದ ಸಂಗತಿಗಳು. ಸುವಾರ್ತೆ ಎಂಬ ಹೆಸರಿನಲ್ಲೇ ವಾರ್ತೆ ಇದೆ. ಒಳ್ಳೆಯವರಾಗಿ ಬಾಳಿ ಎಂಬ ಬುದ್ಧಿಮಾತನ್ನಷ್ಟೇ ಹೇಳಿ ಬಂದರೆ ಸುವಾರ್ತೆ ಇನ್ನೂ ಹೇಳಿದಂತಾಗಲಿಲ್ಲ.

ಸ್ವಂತ ಸಾಕ್ಷಿಗೆ ಮೂರು ನಿಮಿಷ, ಬರೆದರೆ ಸುಮಾರು 300 ಪದ. ಅಗ್ರಿಪ್ಪ ರಾಜನ ಮುಂದೆ ಪೌಲನು ಆಡಿದ ಮಾತು (ಅಪೊಸ್ತಲರ ಕೃತ್ಯಗಳು 26) ಒಳ್ಳೆಯ ಅಳತೆಗೋಲು: 4ರಿಂದ 11ನೇ ವಚನದವರೆಗೆ ಹಿಂದಿನ ಬದುಕು, 12ರಿಂದ 18 ಯೇಸುವಿನ ಭೇಟಿ, 19ರಿಂದ 23 ಆಮೇಲಿನ ಬದುಕು. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಮೊದಲ ಭಾಗಕ್ಕೇ ಎರಡೂವರೆ ನಿಮಿಷ ಸುರಿಯುವುದು. ಹಿಂದಿನ ಕತ್ತಲೆಯ ಬಣ್ಣನೆ ಕೇಳುಗರಿಗೆ ನೆನಪಿರುತ್ತದೆ, ಯೇಸು ನೆನಪಿರುವುದಿಲ್ಲ. ಇನ್ನೊಂದು ತಪ್ಪು, ನಂಬಿದ ಮೇಲೆ ಕಷ್ಟವೆಲ್ಲ ಮುಗಿಯಿತು ಎನ್ನುವುದು. ಅದು ಸುಳ್ಳು. ಆ ಸುಳ್ಳನ್ನು ನಂಬಿ ಬಂದವರು ಮೊದಲ ಕಷ್ಟಕ್ಕೇ ಮುರಿದುಬೀಳುತ್ತಾರೆ. ಯೋಹಾನ 9:25ರಲ್ಲಿ ಕುರುಡನಾಗಿದ್ದವನು ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿ, ಗೊತ್ತಿದ್ದ ಒಂದನ್ನು, ಈಗ ಕಣ್ಣು ಕಾಣುತ್ತದೆ ಎಂಬುದನ್ನು, ಗಟ್ಟಿಯಾಗಿ ಹೇಳಿದ. ಅಷ್ಟು ಸಾಕು.

ಅವರಿಗೆ ಆಸಕ್ತಿ ಕಂಡರೆ ನಾನು ಚರ್ಚೆ ಮುಂದುವರಿಸುವುದಿಲ್ಲ, ಓದೋಣವೇ ಎಂದು ಕೇಳುತ್ತೇನೆ. ಯೇಸುವಿನ ವಿಷಯ ಕೇಳಿ ನತಾನಯೇಲನು ಅನುಮಾನಪಟ್ಟಾಗ ಶಿಷ್ಯನಾದ ಫಿಲಿಪ್ಪ ವಾದ ಮಾಡಲಿಲ್ಲ, "ಬಂದು ನೋಡು" ಎಂದ (ಯೋಹಾನ 1:46). ಮಾರ್ಕನನ್ನೇ ಆರಿಸುವುದಕ್ಕೆ ಕಾರಣವಿದೆ. ಮತ್ತಾಯ ವಂಶಾವಳಿಯಿಂದ ಆರಂಭವಾಗುತ್ತದೆ, ಹೊಸಬರು ಮೊದಲ ಪುಟದಲ್ಲೇ ಸೋಲುತ್ತಾರೆ. ಯೋಹಾನನ ಮೊದಲ ಅಧ್ಯಾಯ ಆಳವಾದದ್ದು, ಆದರೆ ಅಲ್ಲಿ "ವಾಕ್ಯ" ಎಂಬುದನ್ನು ವಿವರಿಸುವುದರಲ್ಲೇ ಒಂದು ಗಂಟೆ ಹೋಗುತ್ತದೆ. ಮಾರ್ಕನದು ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ. ಯೇಸು ನಡೆಯುತ್ತಲೇ, ಮಾಡುತ್ತಲೇ ಎದುರಾಗುತ್ತಾನೆ.

ಎಂಟು ಸಲ ಕೂರುವುದು, ವಾರಕ್ಕೊಮ್ಮೆ, 45 ನಿಮಿಷ. ಮೊದಲನೆಯದು 2:1-17: ಪಾರ್ಶ್ವವಾಯು ರೋಗಿಯ ಕ್ಷಮೆ, ಲೇವಿಯ ಮನೆಯ ಊಟ. ಎರಡನೆಯದು 4:35-41, ಬಿರುಗಾಳಿ. ಆ ಭಾಗ ಕೊನೆಗೊಳ್ಳುವುದೇ ಇವನು ಯಾರು ಎಂಬ ಶಿಷ್ಯರ ಪ್ರಶ್ನೆಯಲ್ಲಿ. ಮೂರನೆಯದು 5:21-43. ಅಲ್ಲಿ ರಕ್ತಸ್ರಾವದಿಂದ ಹೆಂಗಸು ನರಳಿದ್ದು 12 ವರ್ಷ, ಯೇಸು ಬದುಕಿಸಿದ ಯಾಯೀರನ ಮಗಳ ವಯಸ್ಸೂ 12. ಓದುವವರೇ ಇದನ್ನು ಕಂಡುಹಿಡಿಯಲು ಬಿಟ್ಟರೆ ಅವರ ಮುಖ ಅರಳುವುದನ್ನು ನೋಡಬೇಕು. ನಾಲ್ಕನೆಯದು 7:1-23, ಮನುಷ್ಯನನ್ನು ಹೊಲೆಮಾಡುವುದು (ಅಶುದ್ಧಗೊಳಿಸುವುದು) ಹೃದಯದೊಳಗಿಂದ ಬರುವಂಥದ್ದು ಎಂಬ ಮಾತು. ಐದನೆಯದು 8:27-38: ನಾನು ಯಾರು ಎಂಬ ಯೇಸುವಿನ ಪ್ರಶ್ನೆ, ಶಿಲುಬೆ ಹೊತ್ತು ಹಿಂಬಾಲಿಸುವ ಮಾತು. ಆರನೆಯದು 10:17-45: ಐಶ್ವರ್ಯವಂತನಿಂದ ಹಿಡಿದು ಅನೇಕರಿಗಾಗಿ ಪ್ರಾಣವನ್ನು ಈಡು ಕೊಡುವ ಮಾತಿನವರೆಗೆ. ಏಳನೆಯದು ಗೆತ್ಸೇಮನೆಯ ಪ್ರಾರ್ಥನೆಯಿಂದ ಶಿಲುಬೆಯ ಬಳಿ ನಿಂತಿದ್ದ ಶತಾಧಿಪತಿಯ (ರೋಮನ್ ಸೇನಾಧಿಕಾರಿ) ಮಾತಿನವರೆಗೆ, 14:32ರಿಂದ 15:39. ಇದು ಉದ್ದವಾಗಿದೆ, ಓದುವುದಕ್ಕೇ ಹೆಚ್ಚು ಸಮಯ ಬೇಕು, ವಿವರಣೆ ಕಡಿಮೆ ಇರಲಿ. ಎಂಟನೆಯದು 16:1-8. ಅಚ್ಚಾದ ಪುಸ್ತಕದಲ್ಲಿ ಮುಂದೆಯೂ ವಚನಗಳಿದ್ದರೂ ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ ಅಲ್ಲಿಗೇ ಮುಗಿಯುತ್ತದೆ. ಅದನ್ನು ಮುಚ್ಚಿಡದೆ ಹೇಳುತ್ತೇನೆ, ಮುಚ್ಚಿಟ್ಟದ್ದು ಬೇರೆ ಕಡೆಯಿಂದ ತಿಳಿದರೆ ನಂಬಿಕೆ ಕೆಡುತ್ತದೆ.

ಓದುವಾಗ ಪುಸ್ತಕ ಅವರ ಕೈಯಲ್ಲೂ ಇರಬೇಕು, ಗಟ್ಟಿಯಾಗಿ ಓದುವವರು ಅವರೇ ಆದರೆ ಇನ್ನೂ ಒಳ್ಳೆಯದು. ಸತ್ಯವೇದದ (ಬೈಬಲಿನ) ಹಳೆಯ ಭಾಷಾಂತರ ನಮಗೆ ಪ್ರಿಯವಾಗಿರಬಹುದು. ಹೊಸಬರಿಗೆ ಇಂದಿನ ಕನ್ನಡದ್ದೇ ಕೊಡಿ. ಪ್ರತಿಸಲವೂ ಅದೇ ನಾಲ್ಕು ಪ್ರಶ್ನೆ: ಇಲ್ಲಿ ಏನು ನಡೆಯಿತು? ನಿಮಗೆ ಆಶ್ಚರ್ಯವೋ ಬೇಸರವೋ ತಂದದ್ದು ಯಾವುದು? ಇದರಿಂದ ಯೇಸು ಎಂಥವನೆಂದು ಗೊತ್ತಾಗುತ್ತದೆ? ಇದು ನಿಜವಾಗಿದ್ದರೆ ನನ್ನಲ್ಲಿ, ನಿಮ್ಮಲ್ಲಿ ಏನು ಬದಲಾಗಬೇಕು? ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಬೇಕಾದವರು ನಾವು. ಮೌನ ಬಂದರೆ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತೇನೆ. ಮೌನವನ್ನು ತಾಳಲಾರದೆ ಉಪದೇಶಕ್ಕೆ ತೊಡಗಿದರೆ ಓದು ಅಲ್ಲಿಗೆ ಸತ್ತಂತೆ.

ಕಷ್ಟದ ಪ್ರಶ್ನೆಗಳು ಬಂದೇ ಬರುತ್ತವೆ. ಲೋಕದಲ್ಲಿ ಇಷ್ಟು ನೋವೇಕೆ ಎಂದು ಕೇಳುವವರು ಬಹುತೇಕ ಯಾವುದೋ ಒಂದು ನೋವನ್ನು ನೆನೆದೇ ಕೇಳುತ್ತಾರೆ. ಅದು ಯಾವುದೆಂದು ತಿಳಿಯುವ ಮುಂಚೆ ಸಿದ್ಧಾಂತ ಹೇಳಬಾರದು. ಗೆಳೆಯ ಲಾಜರನ ಸಮಾಧಿಯ ಬಳಿ ಯೇಸು ಅತ್ತನು (ಯೋಹಾನ 11:35), ಎಷ್ಟರವರೆಗೆ ಎಂದು ದೇವರನ್ನೇ ಕೇಳುವ 13ನೇ ಕೀರ್ತನೆ ಸತ್ಯವೇದದೊಳಗೇ ಇದೆ. ಯೇಸುವಿನ ಹೆಸರು ಕೇಳದೆ ತೀರಿಕೊಂಡ ಹಿರಿಯರ ಗತಿ ಏನೆಂದರೆ, ಅವರ ತೀರ್ಪನ್ನು ನಾನು ಬರೆಯುವುದಿಲ್ಲ. ಸರ್ವಲೋಕಕ್ಕೆ ನ್ಯಾಯತೀರಿಸುವವನು ನ್ಯಾಯವನ್ನೇ ಮಾಡುವನೆಂಬ ಅಬ್ರಹಾಮನ ಭರವಸೆಯನ್ನು (ಆದಿಕಾಂಡ 18:25) ತೋರಿಸುತ್ತೇನೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳಿ ಒಂದು ವಾರದೊಳಗೆ ಓದಿ ಬಂದು ತಿಳಿಸುತ್ತೇನೆ. ಆ ವಾರದ ಗಡುವು ಮಾತ್ರ ತಪ್ಪಬಾರದು.

ಬೇರೆಯವರ ದೇವರನ್ನು ಹಳಿಯುವುದನ್ನು ಪೂರ್ತಿ ಬಿಡಬೇಕು. ಅಥೇನೆಯಲ್ಲಿ (ಅಥೆನ್ಸ್) ವಿಗ್ರಹಗಳನ್ನು ಕಂಡು ಪೌಲನ ಮನಸ್ಸು ಕುದಿಯಿತು ಎಂದಿದೆ (ಅಪೊಸ್ತಲರ ಕೃತ್ಯಗಳು 17:16). ಆದರೂ ಅಲ್ಲಿನ ಅರಿಯೊಪಾಗ ಎಂಬ ಕೂಟದಲ್ಲಿ ಅವನು ಬೈಯಲಿಲ್ಲ, ಅವರ ಕವಿಗಳ ಮಾತನ್ನೇ ಎತ್ತಿಕೊಂಡು ಮಾತಾಡಿದ. ಕೊನೆಯಲ್ಲಿ ಮೂರು ಪ್ರತಿಕ್ರಿಯೆ ಬಂತು: ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎಂದರು, ದಿಯೊನುಸ್ಯ, ದಾಮರಿ ಮುಂತಾದ ಕೆಲವರು ನಂಬಿದರು. ನನಗೂ ಸಿಗುವುದು ಈ ಮೂರೇ. ನಕ್ಕವರೊಂದಿಗೆ ಆ ಮಾತು ನಿಲ್ಲಿಸುತ್ತೇನೆ, ಗೆಳೆತನ ನಿಲ್ಲಿಸುವುದಿಲ್ಲ. ಇನ್ನೊಮ್ಮೆ ಎಂದವರೊಂದಿಗೆ ದಿನ, ಹೊತ್ತು ಗೊತ್ತು ಮಾಡಿಕೊಳ್ಳುತ್ತೇನೆ. ಎರಡು ಸಲ ಅವರೇ ತಪ್ಪಿಸಿದರೆ ಮತ್ತೆ ನೆನಪಿಸುವುದಿಲ್ಲ. ಬೇಡ ಎಂದರೆ ಬೇಡ ಎಂದೇ ಅರ್ಥ. ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ಮಾತು ಕೇಳಿ ಐಶ್ವರ್ಯವಂತನು ದುಃಖದಿಂದ ಹೊರಟುಹೋದಾಗ (ಮಾರ್ಕ 10:22) ಅವನನ್ನು ಪ್ರೀತಿಸಿದ ಯೇಸುವೇ ಹಿಂದೆ ಓಡಿ ಷರತ್ತು ಇಳಿಸಲಿಲ್ಲ.

ಕೆಲವು ಗೆರೆಗಳನ್ನು ನಾನು ದಾಟುವುದಿಲ್ಲ. ಹಣ, ಕೆಲಸ, ಔಷಧ, ಓದಿನ ನೆರವು ಇವನ್ನು ಸುವಾರ್ತೆಯ ಮಾತಿನೊಂದಿಗೆ ಬೆರೆಸುವುದಿಲ್ಲ. ನೆರವು ಬೇಕಾದವರಿಗೆ ನೆರವು ಕೊಡುವುದು, ಅದೇ ದಿನ ಸುವಾರ್ತೆಯ ಪುಸ್ತಕ ಕೊಡದಿರುವುದು. ಯೇಸು ಹತ್ತು ಕುಷ್ಠರೋಗಿಗಳನ್ನು ಗುಣಪಡಿಸಿದ, ತಿರುಗಿ ಬಂದವನು ಒಬ್ಬನೇ (ಲೂಕ 17:11-19). ಉಳಿದ ಒಂಬತ್ತು ಮಂದಿಯ ಗುಣವನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಕೈಕೆಳಗೆ ದುಡಿಯುವವರು, ನನ್ನ ವಿದ್ಯಾರ್ಥಿಗಳು, ನನ್ನ ಮೇಲೆ ಅವಲಂಬಿತರಾದವರ ಹತ್ತಿರ ನಾನಾಗಿ ಮಾತು ತೆಗೆಯುವುದಿಲ್ಲ, ಅವರಿಗೆ ಇಲ್ಲ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಮಕ್ಕಳೊಂದಿಗೆ ತಂದೆತಾಯಿಗೆ ತಿಳಿಯದಂತೆ ಮಾತಾಡುವುದಿಲ್ಲ. ರೋಗಿಯ ಬಳಿ ಪ್ರಾರ್ಥಿಸುವ ಮುಂಚೆ "ಪ್ರಾರ್ಥಿಸಲೇ?" ಎಂದು ಕೇಳಿ, ಒಪ್ಪಿದರೆ ಒಂದು ನಿಮಿಷದಲ್ಲಿ, ಆಡುಮಾತಿನಲ್ಲಿ ಮುಗಿಸುತ್ತೇನೆ, ಗುಣವಾಗುತ್ತದೆಂದು ಮಾತು ಕೊಡುವುದಿಲ್ಲ, ಔಷಧ ಬಿಡಿ ಎಂದು ಎಂದಿಗೂ ಹೇಳುವುದಿಲ್ಲ.

ಯಾರಾದರೂ ನಂಬುತ್ತೇನೆ ಎಂದಾಗ ಆತುರ ಪಡುವ ಅಪಾಯ ಹೆಚ್ಚು. ಲೂಕ 14:28-33ನ್ನು ತೆರೆದು, ಗೋಪುರ ಕಟ್ಟುವವನು ಮೊದಲು ಖರ್ಚು ಲೆಕ್ಕ ಹಾಕುವ ಸಾಮ್ಯವನ್ನು ಒಟ್ಟಿಗೆ ಓದುತ್ತೇನೆ. ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಕ್ರಮ ಸಭೆಯಿಂದ ಸಭೆಗೆ ಬೇರೆ. ಅದನ್ನು ಸಭಾಪಾಲಕರೊಂದಿಗೆ ಅವರೇ ಮಾತಾಡಲಿ. ನಾನು ಜೊತೆಗೆ ಹೋಗುತ್ತೇನೆ, ತೀರ್ಮಾನ ಮಾಡುವುದಿಲ್ಲ. ಮನೆಯವರನ್ನೂ ಹಳೆಯ ಗೆಳೆಯರನ್ನೂ ಬಿಟ್ಟು ನಮ್ಮ ಗುಂಪಿನೊಳಗೆ ಬಂದುಬಿಡಿ ಎನ್ನುವುದು ದೊಡ್ಡ ತಪ್ಪು. ಗೆರಸೇನರ ಸೀಮೆಯಲ್ಲಿ ದೆವ್ವಗಳ ಹಿಡಿತದಿಂದ ಬಿಡುಗಡೆ ಹೊಂದಿದವನು ನಿನ್ನ ಜೊತೆಗೇ ಬರುತ್ತೇನೆ ಎಂದು ಬೇಡಿಕೊಂಡಾಗ ಯೇಸು ಒಪ್ಪದೆ, ಮನೆಗೆ ನಿನ್ನವರ ಬಳಿಗೆ ಹೋಗು ಎಂದು ಕಳುಹಿಸಿದ (ಮಾರ್ಕ 5:18-19). ಆದ್ದರಿಂದ ಮೊದಲ ಆರು ತಿಂಗಳು ವಾರಕ್ಕೊಮ್ಮೆ ಕೂತು ಮಾರ್ಕನನ್ನು ಮೊದಲಿನಿಂದ, ಬಿಟ್ಟ ಭಾಗಗಳನ್ನೂ ಸೇರಿಸಿ ಓದುತ್ತೇವೆ. ಮನೆಯಲ್ಲಿ ಏನು, ಯಾವಾಗ, ಹೇಗೆ ಹೇಳುವುದೆಂದು ಜೊತೆಯಲ್ಲೇ ಯೋಚಿಸುತ್ತೇವೆ. ನೋಟ್‌ಬುಕ್‌ನಲ್ಲಿ ಅವರ ಹೆಸರನ್ನು ಹೊಡೆದುಹಾಕುವುದಿಲ್ಲ. ಬೇಡ ಎಂದವರ ಹೆಸರನ್ನೂ ಹೊಡೆಯುವುದಿಲ್ಲ. ಆ ಪುಟದಲ್ಲಿ ಎರಡನೆಯ ಕಲಂ ಹಾಗೆಯೇ ನಿಲ್ಲುತ್ತದೆ, ಮೊದಲನೆಯದೂ ಮೂರನೆಯದೂ ಮುಂದುವರಿಯುತ್ತವೆ.